ಡೆಲಾ ಬೇಡವೆಂದ ಅಭ್ಯರ್ಥಿ

ಬೀವರ್ ಗ್ಯಾಪ್‌ನ ಮಕ್ಕಳ ರಕ್ಷಣಾ ಕಚೇರಿಗೆ ಕೆಲಸಕ್ಕೆ ಬಂದವರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಿದ್ದರು. ರಾಜಧಾನಿಯಲ್ಲಿ ಕೂತವರು ಪದವಿ ನೋಡಿ ಆರಿಸಿ ಕಳಿಸುತ್ತಿದ್ದರು. ತಾಯಿಯ ಮಡಿಲಿಂದ ಮೊದಲ ಸಲ ಒಂದು ಮಗುವನ್ನು ಎತ್ತಿಕೊಂಡು ಬರಬೇಕಾದಾಗ ಬಂದವರು ಹಿಂದೆ ಸರಿಯುತ್ತಿದ್ದರು. ಕಚೇರಿಯ ಮುಖ್ಯಸ್ಥೆ ವಿಲ್ಮಾ ಟ್ಯಾಕೆಟ್ ಮೇಲಿನವರ ಬೆನ್ನು ಹತ್ತಿ ಕೊನೆಗೂ ನಿಯಮ ಬದಲಿಸಿದಳು. ಇನ್ನು ಆಯ್ಕೆ ಇಲ್ಲೇ ನಡೆಯಬೇಕು. ಆರಿಸುವ ಮೂವರಲ್ಲಿ ಒಬ್ಬರು ಸರ್ಕಾರದ ಆರೈಕೆಯಲ್ಲಿ ಬೆಳೆದವರಿರಬೇಕು. ಆ ಒಬ್ಬರು ಬೇಡವೆಂದರೆ ಬೇಡ.

ಆ ಜಾಗಕ್ಕೆ ಅವಳು ಕರೆದದ್ದು ಡೆಲಾ ಮಲಿನ್ಸ್‌ಳನ್ನು. ಸರ್ಕಾರ ಗೊತ್ತುಮಾಡಿದ ಒಂದು ಸಾಕುಮನೆಯಿಂದ ಇನ್ನೊಂದಕ್ಕೆ ಅಲೆದು ಬೆಳೆದ ಹುಡುಗಿ, ಈಗ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಬಡಿಸುತ್ತಿದ್ದಳು.

"ನಾನೇನು ಕೇಳೋದು, ಮಿಸ್ ವಿಲ್ಮಾ? ಓದಿದೋರ ಮುಂದೆ ನಂಗೆ ಬಾಯಿ ಬರಲ್ಲ."

"ನಿಂಗೆ ಬಾಯಿ ಬರಲ್ವಾ? ಕಾಫಿ ತಣ್ಣಗಾಗುತ್ತೆ, ಮಾತು ಸಾಕು ಅಂತ ಪಾದ್ರೀನೇ ಗದರೋಳು ನೀನು. ಚಿಕ್ಕೋಳಿದ್ದಾಗ ಕಚೇರಿಯಿಂದ ನಿನ್ನ ನೋಡೋಕೆ ಬರ್ತಿದ್ದೋರನ್ನ ಏನು ಕೇಳ್ಬೇಕು ಅನ್ಸಿತ್ತೋ, ಅದನ್ನೇ ಕೇಳು."

ಮೊದಲ ಅಭ್ಯರ್ಥಿ ಒಳಗೆ ಬಂದಾಗ ಡೆಲಾಳ ಮುಖ ಬಿಳಿಚಿತು. ಗ್ಯಾರೆಟ್ ಸ್ಲೋನ್. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಹೊಣೆ ಹೊತ್ತಿದ್ದ ಈ ಕಚೇರಿಯ ನೌಕರ ಅವನೇ. ಗುರುವಾರ ತಪ್ಪದೆ ಬಂದು, ಹೊಳೆಗೆ ಕರೆದೊಯ್ದು, ಗಾಳ ಹಾಕಲು ಕಲಿಸಿದ್ದ. ಒಂದು ಗುರುವಾರ ಅವನ ಬದಲು ಬೇರೆ ಹೆಂಗಸು ಬಂದಳು. ಅವನು ಏಕೆ ಬರಲಿಲ್ಲವೆಂದು ಯಾರೂ ಹೇಳಲಿಲ್ಲ.

ವಿಲ್ಮಾ ಆಗ ಬೇರೆ ಜಿಲ್ಲೆಯ ಕಚೇರಿಯಲ್ಲಿದ್ದವಳು; ಈ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಡೆಲಾಳನ್ನು ಹೊರಗೆ ಕರೆದು ವಿಚಾರಿಸಿ, "ಇವತ್ತು ಬೇರೆಯವರನ್ನ ಕೂರಿಸ್ಲಾ?" ಎಂದಳು.

"ಬೇಡ. ನಾನೇ ಕೂರ್ತೀನಿ."

ಅವನಿಗೂ ಗುರುತು ಸಿಕ್ಕಿತ್ತು. ಒಳಗೆ ಮರಳಿ ಕೂತ ಡೆಲಾ ನೇರವಾಗಿ ಕೇಳಿದಳು: "ಬಿಟ್ಟು ಹೋಗುವಾಗ ಮಗೂಗೆ ಹೇಳಿ ಹೋಗ್ತೀರಾ?"

"ನಿಂಗೆ ಹೇಳ್ಲಿಲ್ಲ," ಎಂದ ಗ್ಯಾರೆಟ್. "ಈ ಕೆಲಸದಲ್ಲಿ ನಿದ್ದೆ ಬಿಟ್ಟಿತ್ತು, ತಲೆ ಕೆಟ್ಟಿತ್ತು. ನೀನು ಅತ್ರೆ ಹೋಗೋಕಾಗಲ್ಲ ಅಂತ ಹೆದರಿಕೆ. ನಿಮ್ಮನೆ ಗೇಟಿನ ತನಕ ಬಂದು ಗಾಡಿ ತಿರುಗಿಸ್ದೆ."

"ನಿಮಗೆ ಸುಲಭ ಆಯ್ತು."

"ಹೌದು. ನಂಗೆ ಮಾತ್ರ ಆಯ್ತು."

ಇಷ್ಟು ನಿಜ ಹೇಳುವವರು ಬೇರೆ ಯಾರೂ ಸಿಗಲಾರರೆಂದು ವಿಲ್ಮಾಗೆ ಅನ್ನಿಸಿತು. ಆದರೆ ಡೆಲಾ ಬೇಡವೆಂದಳು. ಅವನನ್ನು ಕಳಿಸಿಬಿಟ್ಟರು. ಹೋಟೆಲಿಗೆ ಹಿಂತಿರುಗುವಾಗ ಡೆಲಾಗೆ ಹಗುರವೆನಿಸಿತು.

ಆಮೇಲೆ ಬಂದ ಅಭ್ಯರ್ಥಿಗಳಲ್ಲಿ ಒಬ್ಬರೂ ಆ ಕೆಲಸಕ್ಕೆ ಸರಿಹೊಂದಲಿಲ್ಲ. ಚಳಿಗಾಲವೆಲ್ಲ ಆ ಹುದ್ದೆ ಖಾಲಿಯೇ ಇತ್ತು. ಆ ಹುದ್ದೆಯವರು ನೋಡಿಕೊಳ್ಳಬೇಕಿದ್ದ ಪೈನ್ ಫೋರ್ಕ್ ಕಡೆಯ ಮಕ್ಕಳನ್ನು ನೋಡಲು ಹೊರಗಿನ ಜಿಲ್ಲೆಗಳಿಂದ ಬೇರೆ ಬೇರೆ ಜನ ಬಂದು ಹೋಗುತ್ತಿದ್ದರು. ರ‍್ಯಾಟ್ಲಿಫ್ ಮನೆತನದ ಇಬ್ಬರು ಅಕ್ಕತಂಗಿಯರಿಗೆ ಸಾಕುಮನೆ ಹುಡುಕುವಾಗ, ಇವರನ್ನು ಅಗಲಿಸಬೇಡಿ ಎಂದು ಪಟ್ಟು ಹಿಡಿಯುವಷ್ಟು ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಸಿಕ್ಕ ಎರಡು ಮನೆಗೆ ಇಬ್ಬರನ್ನೂ ಹಂಚಿದರು.

ಮುಂದಿನ ಸಂದರ್ಶನಕ್ಕೆಂದು ಬಂದ ಡೆಲಾಗೆ ಆ ಇಬ್ಬರಲ್ಲಿ ಅಕ್ಕನಾದ ಜೋಸಿ ಕಚೇರಿಯಲ್ಲೇ ಸಿಕ್ಕಳು. ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಹೊಸ ಮನೆಗೆ ಕರೆದೊಯ್ಯುವವರಿಗಾಗಿ ಕಾಯುತ್ತಿದ್ದಳು.

"ಈ ಸಲ ನೀನಾ ಬಂದಿರೋದು?" ಎಂದಳು.

"ಅಲ್ಲ ಮರಿ. ನಾನು ಈ ಕೆಲಸದೋಳಲ್ಲ."

"ಮತ್ತೆ ನಮ್ಮೋರು ಯಾರು? ತಂಗಿ ಎಲ್ಲಿದಾಳೆ ಅಂತ ಯಾರನ್ನ ಕೇಳ್ಬೇಕು?"

ಡೆಲಾ ಹಳೆಯ ಅರ್ಜಿಯೊಂದರಿಂದ ನಂಬರ್ ಬರೆದುಕೊಂಡಳು. ಹೊರಗೆ ಹೋಗಿ ಗ್ಯಾರೆಟ್‌ಗೆ ಫೋನ್ ಮಾಡಿದಳು. ಅವನು ಅಷ್ಟರಲ್ಲಿ ಪಕ್ಕದ ರಾಜ್ಯದಲ್ಲಿ ಶಾಲಾ ಮಾಸ್ತರನಾಗಿದ್ದ.

"ತಪ್ಪಾಯ್ತು. ವಾಪಸ್ ಬರ್ತೀರಾ? ಮಿಸ್ ವಿಲ್ಮಾ ಹತ್ರ ನಾನೇ ಮಾತಾಡ್ತೀನಿ."

ಗ್ಯಾರೆಟ್ ಒಪ್ಪಲಿಲ್ಲ. "ವರ್ಷದ ನಡುವೆ ಬಿಟ್ಟು ಹೋಗಲ್ಲ ಅಂತ ಈ ಮಕ್ಕಳಿಗೆ ಮಾತು ಕೊಟ್ಟಿದೀನಿ, ಡೆಲಾ."

"ಹಾಗಾದ್ರೆ ಬರ್ಬೇಡಿ," ಎಂದಳು. ಮನಸ್ಸಿನಿಂದಲೇ ಹೇಳಿದ ಮಾತದು.

ಒಳಗೆ ಬಂದು ವಿಲ್ಮಾಳನ್ನು ಕೇಳಿದಳು: "ಅವತ್ತು ನನ್ನ ಯಾಕೆ ತಡೀಲಿಲ್ಲ?"

"ಆರೈಕೇಲಿ ಬೆಳೆದ ಮಕ್ಕಳ ಮಾತಿಗೆ ಬೆಲೆ ಬರ್ಲಿ ಅಂತ ಹೋರಾಡಿದೋಳು ನಾನು. ನಿನ್ನ ಮೊದಲ ಮಾತನ್ನೇ ಹೇಗೆ ತೆಗೆದುಹಾಕ್ಲಿ?" ವಿಲ್ಮಾ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. "ಆದ್ರೂ ಗುರುತಿನೋರು ಬಂದಾಗ ನಿನ್ನ ಎಬ್ಬಿಸಿ ಬೇರೆಯೋರನ್ನ ಕೂರಿಸ್ಬೇಕಿತ್ತು. ನಿಯಮ ಬರೆಸುವಾಗ ಅದು ನಂಗೆ ಹೊಳೀಲೇ ಇಲ್ಲ."

ಆ ಮಾತನ್ನು ಆಮೇಲೆ ನಿಯಮಕ್ಕೆ ಸೇರಿಸಿದರು. ಬೇಸಿಗೆಯಲ್ಲಿ ಆ ಹುದ್ದೆಗೆ ಒಳ್ಳೆಯ ಹೆಂಗಸೊಬ್ಬಳು ಸಿಕ್ಕಿ, ಕೆಲಸದಲ್ಲಿ ನಿಂತಳು. ಅಷ್ಟರಲ್ಲಿ ಜೋಸಿಯ ತಂಗಿಯನ್ನು ಸಾಕಿದವರು ಅವಳನ್ನು ದತ್ತು ಪಡೆದು ದೂರದ ಊರಿಗೆ ಹೋಗಿದ್ದರು. ಅಕ್ಕತಂಗಿಯರನ್ನು ಮತ್ತೆ ಒಂದೇ ಮನೆಗೆ ತರುವುದು ಯಾರಿಂದಲೂ ಆಗಲಿಲ್ಲ.