ಬಟ್ಟೆ ಹೊದ್ದ ಕಲ್ಲು

"ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?"

ಈ ಮಾತು ಕೇಳಿಬರದ ಊರಿಲ್ಲ. ತ್ರಿಶೂರಿನ ಆಚೆಯ ಚೆಂಬಕ್ಕರದಲ್ಲಿ ವಿಲಾಸಿನಿಯ ಮನೆಯಲ್ಲಂತೂ ಅದು ಮೂರು ಹೊತ್ತೂ ಕೇಳುತ್ತಿತ್ತು.

ವಿಲಾಸಿನಿ ಅಂಗನವಾಡಿಯಲ್ಲಿ ಮಕ್ಕಳಿಗೆ ಗಂಜಿ ಬೇಯಿಸುವವಳು. ಐವತ್ತು ದಾಟಿದ ಹೆಂಗಸು. ಚಿಕ್ಕಂದಿನಲ್ಲಿ ಭಗವತಿಯ ಗುಡಿಯಲ್ಲಿ ಚೆಂಡೆಗಳ ಪಂಚಾರಿ ಮೇಳ ಶುರುವಾದರೆ ದೀಪಸ್ತಂಭಕ್ಕೆ ಒರಗಿ ನಿಂತುಬಿಡುತ್ತಿದ್ದಳು. ಅಮ್ಮ ಬಂದು ಕಿವಿ ಹಿಡಿದು ಎಳೆದೊಯ್ಯುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ತಾನೂ ಆ ಮೇಳದವರ ಸಾಲಿನಲ್ಲಿ ನಿಂತು, ಹೆಗಲಿಗೆ ಚೆಂಡೆ ಹಾಕಿಕೊಂಡು, ಭಗವತಿ ತಾಯಿಯ ಮುಂದೆ ಬಾರಿಸಬೇಕು ಎಂಬುದೊಂದೇ ಆಸೆ. ಆ ಕಾಲದಲ್ಲಿ ಹೆಣ್ಣುಮಕ್ಕಳ ಕೈಗೆ ಚೆಂಡೆ ಕೋಲು ಕೊಡುವವರು ಯಾರು? ಮದುವೆಯಾಯಿತು, ಮಕ್ಕಳಾದವು, ಮಕ್ಕಳಿಗೂ ಮದುವೆಯಾಯಿತು. ಆಸೆ ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇತ್ತು.

ಓಣಂ ಕಳೆದ ಮೇಲೆ ಹೆಂಗಸರ ನೆರೆಕೂಟದ ಸಭೆಯಲ್ಲಿ ಆಶಾ ಕಾರ್ಯಕರ್ತೆ ಸುಭದ್ರ ಎದ್ದು ನಿಂತಳು. "ಗುಡಿ ಮೇಳದ ಗುರು ಅಚ್ಯುತನ್ ಆಶಾನ್ ನಮಗೆ ಚೆಂಡೆ ಕಲಿಸ್ತಾರಂತೆ. ನಾನಂತೂ ಸೇರ್ತೀನಿ. ಯಾರ್ಯಾರು ಬರ್ತೀರಿ?"

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಒಂದು ಕೈ ಮೇಲೆದ್ದಿತ್ತು. ಅದು ವಿಲಾಸಿನಿಯದು. ಅದನ್ನು ನೋಡಿ ಇನ್ನೂ ಕೆಲವರು ಕೈ ಎತ್ತಿದರು.

ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಮಾಧವಿಯಮ್ಮನಿಗೆ ಸುದ್ದಿ ಮುಟ್ಟಿತು. "ಸೌಟು ಹಿಡಿಯೋ ಕೈಲಿ ಚೆಂಡೆ ಕೋಲಾ? ಊರವರ ಬಾಯಿಗೆ ಬೀಳೋಕೆ ಹೊರಟಿದ್ದೀಯ."

ಗಂಡ ದಿವಾಕರನ್ ಚಹಾ ಹೀರುತ್ತ, "ಇರ್ಲಿ ಬಿಡಮ್ಮ. ನನ್ನ ತಲೆ ಮೇಲೆ ಬಾರಿಸಿ ಬಾರಿಸಿ ಅವಳಿಗೆ ಮೊದಲೇ ಅಭ್ಯಾಸ ಇದೆ" ಎಂದ.

ಚೆಂಡೆ ಕಲಿಯುವವರಿಗೆ ಮೊದಲೇ ಚೆಂಡೆ ಸಿಗುವುದಿಲ್ಲ. ಹುಣಸೆ ಮರದ ಗಟ್ಟಿ ಕೋಲು ಹಿಡಿದು ತಿಂಗಳುಗಟ್ಟಲೆ ಕರಿಕಲ್ಲಿನ ಮೇಲೆ ಬಾರಿಸಬೇಕು. ವಿಲಾಸಿನಿ ಹಿತ್ತಿಲ ಹಲಸಿನ ಮರದ ಬುಡದಲ್ಲಿ ಒಂದು ಕಲ್ಲಿಟ್ಟು ಕೂತಳು. ತ-ಕಿ-ಟ, ತ-ಕಿ-ಟ.

"ಯಾರ ಮನೇಲಿ ಕಲ್ಲು ಒಡೀತಿದ್ದಾರೆ?" ಎಂದರು ಮಾಧವಿಯಮ್ಮ. ಬೇಲಿಯಾಚೆ ಹಾಲು ಕೊಡುವವನು ಸೈಕಲ್ಲು ನಿಲ್ಲಿಸಿ, ಅಕ್ಕನನ್ನು ಕರೆಯುವ ಸಲುಗೆಯಲ್ಲಿ, "ಚೇಚಿ, ಬಾವಿ ತೋಡ್ತಿದ್ದೀರಾ?" ಎಂದು ಕೇಳಿದ. ವಿಲಾಸಿನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನ ಅವಳು ಗಂಡನ ಹಳೆಯ ಪಂಚೆಯನ್ನು ಮಡಚಿ ಕಲ್ಲಿನ ಮೇಲೆ ಸುತ್ತಿದಳು. ಸದ್ದು ಅಡಗಿತು. ಯಾರೂ ಏನೂ ಕೇಳಲಿಲ್ಲ. ಅಂದಿನಿಂದ ದಿನವೂ ಬೆಳಗ್ಗೆ ದೇವರ ದೀಪ ಹಚ್ಚಿ, ಬಟ್ಟೆ ಹೊದ್ದ ಕಲ್ಲಿನ ಮುಂದೆ ಕೂತು, ಕೈ ಸೋಲುವ ತನಕ ಬಾರಿಸಿದಳು.

ವೃಶ್ಚಿಕ ಮಾಸ ಹುಟ್ಟಿದಾಗ ಆಶಾನ್ ಒಬ್ಬೊಬ್ಬರನ್ನೇ ಕೂರಿಸಿ ಬಡಿತ ಕೇಳಿದರು. ಉಳಿದವರ ಕೋಲು ಕಲ್ಲಿನ ಮೇಲೆ ಕುಣಿಯಿತು. ವಿಲಾಸಿನಿಯದು ಒರಳಿಗೆ ಬಿದ್ದ ಒನಕೆಯ ಹಾಗೆ ಧೊಪ್ಪನೆ ಬಿದ್ದು ಅಲ್ಲೇ ಕೂತಿತು.

"ದಿನಾ ಕೂರ್ತೀಯಾ, ಮೋಳೆ?" ಎಂದರು ಆಶಾನ್, ಮಗಳನ್ನು ಕೇಳುವಂತೆ.

"ಒಂದು ದಿನಾನೂ ತಪ್ಪಿಸಿಲ್ಲ, ಆಶಾನ್."

"ಹಾಗಾದ್ರೆ ನಿನ್ನ ಮಣಿಕಟ್ಟು ಯಾಕೆ ಇನ್ನೂ ಮಲಗಿದೆ? ಧನುಮಾಸದ ತಿರುವಾದಿರ ಹಬ್ಬದೊಳಗೆ ಅದು ಏಳ್ಬೇಕು. ಇಲ್ಲಾಂದ್ರೆ ವಿಷು ಹಬ್ಬದ ಸಂಜೆ ಗುಡೀಲಿ ಬಾರಿಸೋರ ಜೊತೆ ನಿನ್ನನ್ನ ನಿಲ್ಲಿಸೋಕಾಗಲ್ಲ."

ಮನೆಗೆ ಬಂದವಳು ಹಿತ್ತಿಲಲ್ಲಿ ಸೆರಗಿಗೆ ಮುಖ ಒತ್ತಿಕೊಂಡು ಕೂತಳು. ಮಾಧವಿಯಮ್ಮನ ಬಿಪಿ ನೋಡಲು ಬಂದಿದ್ದ ಸುಭದ್ರ ಹಿಂದಿನಿಂದ ಬಂದು ಹೆಗಲು ಮುಟ್ಟಿದಳು.

"ನನ್ನ ಕೈಲಾಗಲ್ಲ, ಚೇಚಿ. ಇದು ಮುದಿ ಕೈ."

"ಎಲ್ಲಿ, ನಿನ್ನ ಕಲ್ಲು ತೋರ್ಸು ನೋಡೋಣ."

ಕಲ್ಲು ಕಂಡದ್ದೇ ತಡ, ಸುಭದ್ರ ನಗು ತಡೆಯಲಾಗದೆ ಮರದ ಬೇರಿನ ಮೇಲೆ ಕೂತುಬಿಟ್ಟಳು. "ಅಯ್ಯೋ ಪುಣ್ಯಾತ್ಗಿತ್ತಿ! ಕಲ್ಲಿಗೆ ಚಳಿಯಾಗುತ್ತೆ ಅಂತ ಹೊದಿಸಿದ್ದೀಯಾ?"

"ಸದ್ದಾದ್ರೆ ಎಲ್ಲರೂ ನಗ್ತಾರಲ್ಲ..."

"ಕಲ್ಲು ಕೋಲನ್ನ ವಾಪಸ್ಸು ಎಸೀಬೇಕು ಕಣೇ. ಆಗಲ್ವಾ ಮಣಿಕಟ್ಟು ತಿರುಗೋದು? ನಿನ್ನ ಏಟನ್ನೆಲ್ಲ ಈ ಪಂಚೆ ನುಂಗಿ ಹಾಕಿದೆ." ಸುಭದ್ರ ಕಣ್ಣೊರೆಸಿಕೊಂಡು, ದನಿ ತಗ್ಗಿಸಿದಳು. "ಹಟ ನಿನ್ನಲ್ಲಿ ಬೇಕಾದಷ್ಟಿದೆ. ದಿನಾ ಕೂತಿದ್ದೀಯ. ಆದ್ರೆ ಕಲೀತೀನಿ ಅನ್ನೋ ನಂಬಿಕೆ ಇದ್ದಿದ್ರೆ ಇದನ್ಯಾಕೆ ಮುಚ್ಚಿಡ್ತಿದ್ದೆ? ನಾಳೆ ಭಗವತಿ ಮುಂದೆ ಬಾರಿಸೋವಾಗ ಚೆಂಡೆಗೂ ಪಂಚೆ ಉಡಿಸ್ತೀಯಾ?"

ವಿಲಾಸಿನಿಗೆ ಅಳುವಿನ ನಡುವೆಯೇ ನಗು ಬಂತು.

ಮರುದಿನ ಬೆಳಗ್ಗೆ ದೀಪ ಹಚ್ಚಿ ಕೈ ಮುಗಿದಳು. ಹಿತ್ತಿಲಿಗೆ ಹೋಗಿ ಪಂಚೆಯನ್ನು ಬಿಚ್ಚಿ ದನದ ಕೊಟ್ಟಿಗೆಯ ಕಡೆ ಎಸೆದಳು. ತ-ಕಿ-ಟ! ಕಲ್ಲು ಟಣ್ಣೆಂದಿತು. ಕೋಲು ಅಂಗೈಯೊಳಗೆ ಹಾರಿತು.

"ಶುರುವಾಯ್ತಪ್ಪ!" ಎಂದರು ಮಾಧವಿಯಮ್ಮ.

ವಿಲಾಸಿನಿ ಕೈ ನಿಲ್ಲಿಸಲಿಲ್ಲ. "ಅಮ್ಮಾ, ತಿರುವಾದಿರ ತನಕ ತಡ್ಕೊಳ್ಳಿ. ನಾನು ಕಲೀತೀನಿ. ವಿಷು ದಿನ ತಾಯಿ ಮುಂದೆ ಬಾರಿಸ್ತೀನಿ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು.

ಹಾಲಿನವನು ಬೇಲಿಯಾಚೆಯಿಂದ ಕೂಗಿದ. "ಚೇಚಿ, ಬಾವೀಲಿ ನೀರು ಬಂತಾ?"

"ಬರ್ತಿದೆ ಮಗಾ! ವಿಷುಗೆ ಗುಡಿಗೆ ಬಾ, ಕುಡಿಸ್ತೀನಿ."

ಒಂದು ಬೆಳಗ್ಗೆ ವೇಗ ಏರಿಸಲು ಹೋಗಿ ಕೈ ತಡವರಿಸಿತು. ತಕ್ಷಣ ಜಗಲಿಯಿಂದ ದನಿ ಬಂತು. "ತಪ್ತು! ಕೊನೇ ಏಟು ನುಂಗ್ದೆ. ಮತ್ತೆ ಮೊದಲಿಂದ ಬಾರಿಸು."

ವಿಲಾಸಿನಿ ಓಡಿ ಬಂದು ನೋಡಿದರೆ, ಅತ್ತೆಯ ಬೆರಳುಗಳು ವೀಳ್ಯದ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿದ್ದವು. "ನಿಮಗೆ ಹೇಗೆ ಗೊತ್ತಮ್ಮ?"

"ಹುಟ್ಟಿದಾಗಿಂದ ಗುಡಿ ಗೋಡೆಯಾಚೆ ನಿಂತು ಕೇಳಿದ್ದೀನಿ. ಕೈಗೆ ಕೋಲು ಕೊಡ್ಲಿಲ್ಲ ಅಂದ್ಮಾತ್ರಕ್ಕೆ ಕಿವೀನೂ ಇರಲ್ವಾ? ನಿಂತ್ಕೋಬೇಡ, ಹೋಗು. ಬಿಸಿಲೇರುತ್ತೆ. ಒಲೆ ಮೇಲಿನ ಗಂಜಿ ನಾನು ನೋಡ್ಕೋತೀನಿ."

ಅಂದಿನಿಂದ ಅವಳಿಗೆ ಇಬ್ಬರು ಆಶಾನ್‌ಗಳಾದರು. ಒಬ್ಬರ ಬೈಗುಳ ಪಾಠದ ಮನೆಯಲ್ಲಿ, ಇನ್ನೊಬ್ಬರದು ಜಗಲಿಯಲ್ಲಿ.

ತಿರುವಾದಿರದ ದಿನ ಅಚ್ಯುತನ್ ಆಶಾನ್ ಕಣ್ಣು ಮುಚ್ಚಿ ಅವಳ ಬಡಿತ ಕೇಳಿದರು. ಮುಗಿದ ಮೇಲೆ ಎದ್ದು, ಗೋಡೆಗೆ ನೇತುಹಾಕಿದ್ದ ಚೆಂಡೆಯೊಂದನ್ನು ಇಳಿಸಿ, ಅವಳ ಹೆಗಲಿಗೆ ಹಾಕಿದರು.

ವಿಷು ಸಂಜೆ. ವಿಲಾಸಿನಿ ಗುರುವಿಗೆ ವೀಳ್ಯದೆಲೆಯಲ್ಲಿ ದಕ್ಷಿಣೆ ಇಟ್ಟು ಕಾಲಿಗೆರಗಿ, ಸುಭದ್ರಳ ಪಕ್ಕದಲ್ಲಿ ನಿಂತಳು. ಒಮ್ಮೆ ಯಾವ ದೀಪಸ್ತಂಭಕ್ಕೆ ಒರಗಿದ್ದಳೋ ಅದರ ಎದುರಿಗೇ. ಪಂಚಾರಿ ಮೆಲ್ಲಗೆ ಶುರುವಾಗಿ, ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಮಳೆಯಂತೆ ಸುರಿಯಿತು. ಗರ್ಭಗುಡಿಯ ದೀಪ ಅವಳ ಕಣ್ಣೀರಿನಲ್ಲಿ ಎರಡಾಗಿ ಕಂಡಿತು. ಕೈ ಮಾತ್ರ ಎಲ್ಲೂ ತಪ್ಪಲಿಲ್ಲ.

ಎದುರಿನ ಕುರ್ಚಿಯಲ್ಲಿ ಮಾಧವಿಯಮ್ಮ ಎರಡೂ ಕೈ ಎತ್ತಿ ತಾಳಕ್ಕೆ ಸರಿಯಾಗಿ ಬೀಸುತ್ತಿದ್ದರು.

"ಅಮ್ಮಾ, ಊರೆಲ್ಲ ನೋಡ್ತಿದೆ" ಎಂದ ದಿವಾಕರನ್.

"ನೋಡ್ಲಿ ಬಿಡೋ! ಅವಳು ನನ್ನ ಸೊಸೆ." ಆಮೇಲೆ ಬಾಗಿ ಮಗನ ಕಿವಿಯಲ್ಲಿ ಹೇಳಿದರು. "ನಾಳೆ ಆ ಕಲ್ಲನ್ನ ನನ್ನ ಜಗಲಿಗೆ ತಂದಿಡು. ನಾನೂ ಬಾರಿಸಿ ನೋಡ್ತೀನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಹಿತ್ತಿಲಲ್ಲೂ ಬಟ್ಟೆ ಹೊದ್ದ ಕಲ್ಲೊಂದು ಇರಬಹುದು. ಓದು ಮುಗಿಸುವ ಆಸೆಯೋ, ಹೊಲಿಗೆ ಕಲಿಯುವ ಆಸೆಯೋ, ಹಾಡುವ ಆಸೆಯೋ, ಯಾರು ಏನೆನ್ನುವರೋ ಎಂದು ಮುಚ್ಚಿಟ್ಟಿರುವುದು. ಇವತ್ತೇ ಅದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಬಲ್ಲವರ ಬಳಿ ಹೋಗಿ ಕಲಿಯಿರಿ. ದಿನವೂ ಸ್ವಲ್ಪ ಹೊತ್ತು ಕೂರಿ. ಕೈ ತಪ್ಪಿದರೆ ಕೇಳಿ ತಿದ್ದಿಕೊಳ್ಳಿ. ನಗುವವರಿಗೂ ಒಂದು ದಿನ ತಾಳ ಹಾಕುವ ಭಾಗ್ಯ ಸಿಗಲಿ. ನಿಮ್ಮ ಕಲ್ಲಿನ ಸದ್ದು ಊರಿಗೆ ಕೇಳಲಿ.