ಬಾವಿಕಟ್ಟೆಗೆ ಹರವಿದ ಪುಡಿ

ನಾನು ಬೂಕನಕೆರೆ ಕಡೆಯ ಮಂಗಳಮ್ಮ. ಮಳೆಗಾಲ ಬಂತೆಂದರೆ ನಮ್ಮ ಹಿತ್ತಲ ಬಾವಿ ಸುತ್ತ ಕೆಸರೋ ಕೆಸರು. ಬಿಂದಿಗೆ ಹೊತ್ತವರು ಜಾರಬಾರದೆಂದು ಆಲೆಮನೆಯ ಬೂದಿ ತಂದು ಹರವುವುದು ನಮ್ಮತ್ತೆಯ ಕಾಲದ ರೂಢಿ. ಬಾವಿ ನಮ್ಮದಾದರೂ ನೀರು ಬೀದಿಗೆಲ್ಲ. ಅಷ್ಟು ಸಿಹಿ ನೀರು.

ಹೋದ ವರ್ಷ ನಮ್ಮ ಯಜಮಾನರು ಟ್ರಾಕ್ಟರಿನಲ್ಲಿ ಬೂದುಬಣ್ಣದ ಪುಡಿಯ ಮೂಟೆಗಳನ್ನು ತಂದರು. ಯಾವುದೋ ಉಕ್ಕಿನ ಕಾರ್ಖಾನೆಯದಂತೆ, ಪುಕ್ಕಟೆ.

"ಬೂದಿಗಿಂತ ಚೆನ್ನಾಗೈತೆ ಕಣಮ್ಮಿ, ಹರವ್ಬುಡು" ಅಂದರು.

ಅವತ್ತು ಭಾವನ ಮಗಳು ಅರ್ಪಿತ ಬಂದಿದ್ದಳು. ಇಂಥ ಪುಡಿಯಿಂದ ಲೋಹ ತೆಗೆಯುವ ಘಟಕದಲ್ಲೇ ಅವಳ ಕೆಲಸ. ಮೂಟೆ ಬಿಚ್ಚಿದ್ದು ನೋಡಿ ಓಡಿ ಬಂದಳು.

"ಚಿಕ್ಕವ್ವಾ, ಮುಟ್ಬೇಡಿ! ಇದು ಒಲೆ ಬೂದಿ ಅಲ್ಲ. ಉಕ್ಕು ಕರಗ್ಸೋವಾಗ ಹೊಗೇಲಿ ಏಳೋ ಪುಡಿ. ನಿಕ್ಕಲ್ಲು, ಕ್ರೋಮಿಯಂ, ಸತು ಎಲ್ಲ ಇದ್ರೊಳಗೈತೆ. ನಾವು ಇದನ್ನ ಉಂಡೆ ಕಟ್ಟಿ, ಇದ್ದಲು ಸೇರ್ಸಿ ಕುಲುಮೇಲಿ ಕರಗ್ಸಿ ಲೋಹ ತೆಗೀತೀವಿ. ಅದು ಮತ್ತೆ ಉಕ್ಕಿಗೇ ಓಯ್ತದೆ. ಮಣ್ಣಿಗೆ ಬಿದ್ರೆ ವಿಷ."

"ಓಗವ್ವ! ನೀನು ಹುಟ್ಟೋಕೆ ಮುಂಚಿಂದ ಬೂದಿ ಹರವ್ತಾ ಇವ್ನಿ. ಅಷ್ಟು ಬೆಲೆ ಬಾಳೋದಾದ್ರೆ ಅವ್ರು ಪುಕ್ಕಟೆ ಕೊಟ್ಟಾರಾ?"

"ಸರಿಯಾದ ಕಡೆ ಕಳ್ಸೋಕೆ ಖರ್ಚಾಯ್ತದೆ ಅಂತ ಕೆಲವ್ರು ಇಂಗೆ ಸಾಗಾಕ್ತಾರೆ ಚಿಕ್ಕವ್ವ."

ನನ್ನ ಹಾಳು ಹಟ, ಕೇಳಲಿಲ್ಲ. ನಾಲ್ಕು ಮೂಟೆ ಪುಡಿಯನ್ನು ಕೈಯಾರೆ ಹರವಿದೆ.

ಮಳೆ ಹಿಡಿಯಿತು. ಯಾರೂ ಜಾರಲಿಲ್ಲ, ನಾನು ಬೀಗಿದೆ. ಕೆಲವು ತಿಂಗಳಲ್ಲಿ ಬಿಂದಿಗೆಯ ನೀರು ಹಳದಿಗೆ ತಿರುಗಿತು. ಅರ್ಪಿತಳೇ ಪರೀಕ್ಷೆ ಮಾಡಿಸಿದಳು. ಕ್ರೋಮಿಯಂ ಮಿತಿ ಮೀರಿದೆ, ಕುಡಿಯಬಾರದು ಎಂದು ಬಂತು. ಪಂಚಾಯ್ತಿಯವರು ಬಾವಿಗೆ ಹಲಗೆ ಹೊಡೆದು ಮುಚ್ಚಿದರು. ಉಳಿದ ಮೂಟೆಗಳು ಲೋಹ ತೆಗೆಯಲು ಅನುಮತಿ ಇರುವ ಘಟಕಕ್ಕೆ ಲಾರಿಯಲ್ಲಿ ಹೋದವು.

ಲಾರಿ ಹೊರಡುವಾಗ ಯಜಮಾನರು ಕೇಳಿದರು, "ಮೂಟೇಲಿರೋ ಲೋಹ ತೆಗೀತೀರಿ. ಬಾವಿಗೆ ಇಳಿದಿರೋದ ತೆಗೆಯೋಕಾಯ್ತದಾ ಮಗಾ?"

"ಸುಲಭ ಅಲ್ಲ ಚಿಕ್ಕಪ್ಪ. ವರ್ಷಗಟ್ಲೆ ಹಿಡೀಬೋದು" ಎಂದಳು ಅರ್ಪಿತ. ನಾನು ಅವಳ ಮುಖ ನೋಡಲಾರದೆ ಒಳಗೆ ಹೋದೆ.

ಮೊನ್ನೆ ಎದುರುಮನೆಯ ಮಾದಮ್ಮ ಹಳೆಯ ಅಭ್ಯಾಸಬಲದಲ್ಲಿ ಬಿಂದಿಗೆ ಹಿಡಿದು ಹಿತ್ತಲಿಗೆ ಬಂದೇಬಿಟ್ಟಳು. ಹಲಗೆ ಕಂಡು, ಖಾಲಿ ಬಿಂದಿಗೆ ಹಿಡಿದೇ ಹಿಂತಿರುಗಿದಳು. ಅವಳು ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಕ್ಕತಂಗಿಯರೇ, ಅಣ್ಣಂದಿರೇ, ಕಾರ್ಖಾನೆಯ ಪುಡಿ ಪುಕ್ಕಟೆ ಸಿಕ್ಕಿತೆಂದು ಇಳಿಸಿಕೊಳ್ಳಬೇಡಿ. ಗಾಡಿಯ ನಂಬರು ಬರೆದುಕೊಂಡು ಪಂಚಾಯ್ತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ಈಗಾಗಲೇ ಬಿದ್ದಿದ್ದರೆ ಮಳೆ ತಾಗದಂತೆ ಮುಚ್ಚಿಡಿ, ನೀವೇ ಗುಡಿಸಬೇಡಿ. ಅದರ ಜಾಗ ಲೋಹ ತೆಗೆಯುವ ಕುಲುಮೆ. ನಿಮ್ಮ ಮನೆಯ ಹುಡುಗಿ "ಬೇಡ" ಅಂದರೆ ನನ್ನ ಹಾಗೆ ಗದರಬೇಡಿ. ಒಂದು ಗಳಿಗೆ ಕೈ ನಿಲ್ಲಿಸಿ ಕೇಳಿ.