ಎರಡು ಈಡಿನ ಮರ್ಯಾದೆ

"ನಿಧಾನ, ನಿಧಾನ... ಹಾಂ, ಇಲ್ಲೇ ಇಳಿಸಿ," ಎಂದ ಮೇಸ್ತ್ರಿ ಮಂಜಯ್ಯ. ನಾಲ್ವರು ಚೌಡಯ್ಯನ ಚಟ್ಟವನ್ನು ಕೆರೆ ಏರಿಯ ಮೇಲೆ, ತೋಡಿದ ಗುಂಡಿಯ ಪಕ್ಕ ಇಳಿಸಿದರು. ಉಳಿದ ಹೆಂಗಸರು ಪದ್ಧತಿಯಂತೆ ಅರ್ಧದಾರಿಯಲ್ಲೇ ನಿಂತಿದ್ದರು. ಮಕ್ಕಳಿಲ್ಲದ ಸಿದ್ದಮ್ಮ ಮಾತ್ರ ಯಾರ ಮಾತೂ ಕೇಳದೆ ಗಂಡನ ಹಿಂದೆಯೇ ಬಂದಿದ್ದಳು.

ಅಷ್ಟರಲ್ಲಿ ತೋಟದ ಯಜಮಾನ ರುದ್ರಪ್ಪ ಕೋವಿ ಹಿಡಿದು ಬಂದ. ಜೊತೆಗೆ ಪಕ್ಕದ ಎಸ್ಟೇಟಿನ ಇಬ್ಬರು ದೊರೆಗಳು. ಅವರ ಕೈಯಲ್ಲೂ ಕೋವಿ.

"ನಲವತ್ತು ವರ್ಷ ನಮ್ಮಲ್ಲಿ ದುಡಿದವನು. ಮರ್ಯಾದೆಗೆ ಎರಡು ಈಡು ಹಾರಿಸ್ತೀನಿ," ಎಂದ ರುದ್ರಪ್ಪ.

ಸಿದ್ದಮ್ಮ ಕೈಮುಗಿದಳು. "ಬ್ಯಾಡಿ ಅಯ್ಯಾ. ಕೆರೇಲಿ ಬಾತು ಅವೆ."

"ಗಾಳಿಗೆ ಹೊಡೆಯೋದು ಮಾರಾಯ್ತಿ!"

"ಯಜಮಾನ್ರು ಮರ್ಯಾದೆ ಕೊಟ್ರೆ ಬ್ಯಾಡ ಅಂತಾರಾ? ಸುಮ್ನಿರು," ಎಂದು ಮಂಜಯ್ಯ ಗದರಿದ.

*

ಚೌಡಯ್ಯ ಹಿಂದೆ ಇದೇ ರುದ್ರಪ್ಪನ ಮನೆಯವರ ಬೇಟೆಗೆ ಬಾತು ಎಬ್ಬಿಸಿಕೊಡುತ್ತಿದ್ದವನು. ಒಂದು ಚಳಿಗಾಲ, ಸತ್ತುಬಿದ್ದ ಬಾತಿನ ಕಾಲಲ್ಲಿ ತಗಡಿನ ಬಳೆ ಸಿಕ್ಕಿತು. ದೂರದೂರಿನವರು ಗುರುತಿಗೆ ಹಾಕಿದ್ದೆಂದು ತೋಟದ ಲೆಕ್ಕ ಬರೆಯುವ ರೈಟರು ಓದಿ ಹೇಳಿದರು. ಆ ದಿನ ಅವನು ಉಣ್ಣಲಿಲ್ಲ.

"ಬಳೆ ತೊಡಿಸಿ ಕಳ್ಸಿದಾರೆ ಕಣೆ. ತವರಿಗೆ ಬಂದ ಮಗಳನ್ನ ಹೊಡ್ದಂಗಾಯ್ತು."

ಅಂದಿನಿಂದ ಪ್ರತಿ ಚಳಿಗಾಲವೂ ಏರಿಯ ಮೇಲೆ ಕಾವಲು ಕೂತ. ಕೋವಿ ಕಂಡರೆ ಎದೆಮಟ್ಟ ನೀರಿಗಿಳಿದು ಬಾತುಗಳ ನಡುವೆ ನಿಲ್ಲುತ್ತಿದ್ದ. ಮನುಷ್ಯನಿಗೆ ಈಡು ಬಿದ್ದೀತೆಂದು ಬಂದವರು ಬೈದು ವಾಪಸಾಗುತ್ತಿದ್ದರು. ಕೊನೆಗೆ ಆ ನೀರಿನ ಶೀತವೇ ಎದೆಗಿಳಿದು ಅವನನ್ನು ಕೊಂದಿತು. "ಇನ್ಮೇಲೆ ನೀನು ನೋಡ್ಕ," ಎಂದು ಹೆಂಡತಿಗೆ ಹೇಳಿ ಸತ್ತಿದ್ದ.

*

ಎರಡು ಈಡು ಹಾರಿದವು. ಬಾತುಗಳೆಲ್ಲ ಒಮ್ಮೆಲೇ ಮೇಲೆದ್ದವು. ಅದಕ್ಕೇ ಕಾದಿದ್ದ ದೊರೆಗಳು ಹೊಡೆದರು. ರುದ್ರಪ್ಪನೂ ಮತ್ತೆ ಕೋವಿ ತುಂಬಿ ಹೊಡೆದ.

ಹೆಣ ಹೊತ್ತು ತಂದ ನಾಲ್ವರೂ, ಅವರ ಹಿಂದೆ ಮಂಜಯ್ಯನೂ ಬಿದ್ದ ಬಾತುಗಳಿಗಾಗಿ ನೀರಿಗೆ ಧುಮುಕಿದರು. "ಅದು ನಂದು!" "ಬಿಡೋ, ನಾನು ಮೊದ್ಲು ಹಿಡಿದಿದ್ದು!" ಎಂದು ಕಿತ್ತಾಡಿದರು. ಬೆಳಿಗ್ಗೆ ಚೌಡಯ್ಯನ ಕಾಲು ಹಿಡಿದು ಗೋಳೋ ಎಂದು ಅತ್ತವರು ಇವರೇ. ಸಿದ್ದಮ್ಮನಿಗೆ ಅವರ ಮುಖ ನೋಡಲೂ ಹೇಸಿಗೆಯಾಯಿತು. ಮರ್ಯಾದೆಯಂತೆ ಮರ್ಯಾದೆ! ಅವಳು ಏರಿಯ ಮೇಲೆ ಉಗಿದಳು.

ಕೊನೆಗೆ ಹೆಣ ಗುಂಡಿಗಿಳಿಯಿತು. ಮಂಜಯ್ಯ ಮೊದಲ ಹಿಡಿ ಮಣ್ಣು ಹಾಕಿದ. ಅವನ ಒದ್ದೆ ಕೈಯಿಂದ ಎರಡು ಪುಕ್ಕಗಳೂ ಉದುರಿ ಚೌಡಯ್ಯನ ಎದೆಯ ಬಟ್ಟೆಗೆ ಅಂಟಿದವು.

"ಥೂ, ಕೈನಾದ್ರೂ ತೊಳ್ಕಬಾರ್ದಾ ಮೇಸ್ತ್ರಿ?"

"ತೊಳ್ದೇ ಬಂದೆ ಕಣಮ್ಮ. ಉಗುರೊಳಗಿನದು ಹೋಗಲ್ಲ."

ಸಿದ್ದಮ್ಮ ಅವನನ್ನು ಪಕ್ಕಕ್ಕೆ ನೂಕಿ ಮಂಡಿಯೂರಿದಳು. ಹೆಂಗಸರು ಮಣ್ಣು ಹಾಕುವ ಪದ್ಧತಿ ಇರಲಿಲ್ಲ. ಅವಳು ಎರಡೂ ಕೈಯಿಂದ ಮಣ್ಣು ದೂಡತೊಡಗಿದಳು. ಗಂಡಸರು ಹಿಂದೆ ನಿಂತು ಕಾದರು. ಅವರ ಸೊಂಟಕ್ಕೆ ಸಿಕ್ಕಿಸಿದ್ದ ಬಾತುಗಳಲ್ಲಿ ಒಂದು ಇನ್ನೂ ರೆಕ್ಕೆ ಬಡಿಯುತ್ತಿತ್ತು.